ಬರುವ ನೀರು, ಹೋಗುವ ನೀರು



ಮನೆ ಕಟ್ಟುವಾಗ ನಾವು ಏನು ನೋಡುತ್ತೇವೆ? ನೀರು ಎಲ್ಲಿಂದ ತರೋದು ಅಂತ ನೋಡುತ್ತೇವೆ. ಬಚ್ಚಲ ನೀರು ಎಲ್ಲಿಗೆ ಬಿಡೋದು ಅಂತಲೂ ನೋಡುತ್ತೇವೆ. ನೋಡದಿದ್ದರೆ ಏನಾಗುತ್ತೆ? ಬಚ್ಚಲ ನೀರು ಪಕ್ಕದ ಮನೆಯ ಅಂಗಳಕ್ಕೆ ಹರಿಯುತ್ತೆ. ಜಗಳ ಶುರುವಾಗುತ್ತೆ.

ಕಾರ್ಖಾನೆಯದೂ ಇದೇ ಕತೆ. ಅದಕ್ಕೂ ನೀರು ಬೇಕು. ಅದರಿಂದಲೂ ಕೊಳೆನೀರು ಬರುತ್ತದೆ. ಎರಡಕ್ಕೂ ಮೊದಲೇ ದಾರಿ ಮಾಡಬೇಕು. ಮಾಡದಿದ್ದರೆ ಏನಾಗುತ್ತದೆ? ತಿರುಪ್ಪೂರಿನ ಕತೆ ಕೇಳೋಣ.

ತಿರುಪ್ಪೂರಿನಲ್ಲಿ ಏನಾಯಿತು?

ತಿರುಪ್ಪೂರು ತಮಿಳುನಾಡಿನ ಊರು. ಬನಿಯನ್‌ಗೆ ಹೆಸರುವಾಸಿ. ಊರಿನ ನಡುವೆ ನೊಯ್ಯಲ್ ಹೊಳೆ ಹರಿಯುತ್ತದೆ. ಮುಂದೆ ಅದು ಕಾವೇರಿ ಸೇರುತ್ತದೆ.

ಬನಿಯನ್ ಕೆಲಸ ಬೆಳೆಯಿತು. ಸಾವಿರಾರು ಹೆಂಗಸರಿಗೂ ಗಂಡಸರಿಗೂ ಕೂಲಿ ಸಿಕ್ಕಿತು. ಬಟ್ಟೆಗೆ ಬಣ್ಣ ಹಾಕುವ ನೂರಾರು ಕಾರ್ಖಾನೆಗಳು ಬಂದವು. ಬಣ್ಣ ಹಾಕಲು ತುಂಬಾ ನೀರು ಬೇಕು. ಬಟ್ಟೆ ತೊಳೆಯಬೇಕು, ಬಿಳುಪು ಮಾಡಬೇಕು, ಬಣ್ಣದಲ್ಲಿ ಅದ್ದಬೇಕು, ಮತ್ತೆ ತೊಳೆಯಬೇಕು. ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಉಪ್ಪನ್ನೂ ಹಾಕುತ್ತಾರೆ.

ಈ ಬಣ್ಣದ ನೀರು, ಉಪ್ಪು ನೀರು ಹೊಳೆಗೆ ಹೋಯಿತು. ಕೆಳಗಡೆ ಒರತ್ತುಪಾಳಯಂನಲ್ಲಿ ರೈತರಿಗಾಗಿ ಕಟ್ಟಿದ ಅಣೆಕಟ್ಟು ಇತ್ತು. 1992ರಲ್ಲಿ ಅದರ ಕೆಲಸ ಮುಗಿದಿತ್ತು. ಅಲ್ಲಿ ಕೊಳೆನೀರು ತುಂಬಿತು. ಬಾವಿ ನೀರು ಉಪ್ಪಾಯಿತು. ಹೊಲ ಹಾಳಾಯಿತು. ನೀರಿಗಾಗಿ ಕಾದಿದ್ದ ರೈತರೇ ಆ ನೀರು ಬೇಡ ಅನ್ನುವಂತಾಯಿತು.

ಆಮೇಲೆ ಹಲವು ಕಾರ್ಖಾನೆಗಳು ಸೇರಿ ನೀರು ಶುದ್ಧ ಮಾಡುವ ಘಟಕ ಕಟ್ಟಿದವು. ಬಣ್ಣ ಕಡಿಮೆಯಾಯಿತು. ಉಪ್ಪು ಹೋಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಸೋಸಿ ತೆಗೆಯೋಕೆ ಆಗುತ್ತಾ? ಆಗಲ್ಲ. ಹಾಗೇ ಆಯಿತು.

ರೈತರು ಕೋರ್ಟಿಗೆ ಹೋದರು. ಕೊಳೆನೀರು ಹೊಳೆಗೆ ಬಿಡಬಾರದು ಅಂತ 2006ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಆದರೂ ನಿಲ್ಲಲಿಲ್ಲ. 2011ರ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿ ಅಂತ ಆಜ್ಞೆ ಮಾಡಿತು. ಸಾವಿರಾರು ಜನರ ಕೆಲಸ ನಿಂತಿತು. ಮೊದಲು ರೈತರ ಹೊಲ ಹಾಳಾಯಿತು. ಆಮೇಲೆ ಕೆಲಸದವರ ಕೂಲಿಯೂ ಹೋಯಿತು.

ನೀರು ಶುದ್ಧ ಮಾಡೋದು ಹೇಗೆ?

ಉಪ್ಪು ತೆಗೆಯುವ ಏರ್ಪಾಟು ಮಾಡಿಕೊಂಡ ಮೇಲೆ ಕಾರ್ಖಾನೆಗಳು ಮತ್ತೆ ತೆರೆದವು. ಅದು ಹೀಗೆ ನಡೆಯುತ್ತದೆ.

ಮೊದಲು ನೀರನ್ನು ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ಗಸಿ ಕೆಳಗೆ ಕೂರುತ್ತದೆ. ಹಾಲನ್ನು ಮೊಸರು ಮಾಡುವ ಜೀವಿಗಳು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಅಂಥ ಬೇರೆ ಜೀವಿಗಳು ನೀರಿನ ಕೊಳೆ ತಿನ್ನುತ್ತವೆ.

ಆಮೇಲೆ ನೀರನ್ನು ತೆಳು ಪೊರೆಯ ಮೂಲಕ ಜೋರಾಗಿ ಒತ್ತುತ್ತಾರೆ. ಒಳ್ಳೆಯ ನೀರು ಆಚೆ ಹೋಗುತ್ತದೆ. ಉಪ್ಪು ನೀರು ಈಚೆ ಉಳಿಯುತ್ತದೆ. ನಮ್ಮ ಹಳ್ಳಿಗಳ ಎಷ್ಟೋ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲೂ ಇಂಥದೇ ಪೊರೆ ಇರುತ್ತದೆ.

ಕೊನೆಗೆ ಉಪ್ಪು ನೀರನ್ನು ಕಾಯಿಸಿ ಆವಿ ಮಾಡುತ್ತಾರೆ. ಉಪ್ಪು ಉಳಿಯುತ್ತದೆ. ಶುದ್ಧವಾದ ನೀರನ್ನು ಕಾರ್ಖಾನೆಯೇ ಮತ್ತೆ ಬಳಸುತ್ತದೆ. ಹೊಸ ನೀರು ಕಡಿಮೆ ಸಾಕು.

ಇದಕ್ಕೆ ಕರೆಂಟು ಬೇಕು, ಹಣ ಬೇಕು. ಉಳಿದ ಗಸಿಯನ್ನೂ ಜೋಪಾನವಾಗಿ ಇಡಬೇಕು. ಅದಕ್ಕೇ ಈ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಹೊಳೆ ಕೆಟ್ಟ ಮೇಲೆ ಅಲ್ಲ.

ನಾವು ಏನು ಕೇಳಬೇಕು?

ನಮ್ಮೂರಿಗೂ ಕಾರ್ಖಾನೆ ಬರಬಹುದು. ಬರಲಿ. ಮಕ್ಕಳಿಗೆ ಕೆಲಸ ಬೇಕು. ಆದರೆ ಕಟ್ಟುವ ಮೊದಲೇ ನಾವು ಕೇಳೋಣ:

ದಿನಕ್ಕೆ ಎಷ್ಟು ನೀರು ಬೇಕು? ಎಲ್ಲಿಂದ ತರುತ್ತೀರಿ?
ಬೇಸಿಗೆಯಲ್ಲಿ ನಮ್ಮ ಕುಡಿಯುವ ನೀರಿಗೆ ಕುತ್ತು ಬರುತ್ತಾ?
ಕೊಳೆನೀರಿನಲ್ಲಿ ಏನೇನು ಇರುತ್ತದೆ? ಎಲ್ಲಿ ಶುದ್ಧ ಮಾಡುತ್ತೀರಿ?
ಕರೆಂಟು ಹೋದರೆ ಆ ನೀರು ಎಲ್ಲಿ ನಿಲ್ಲುತ್ತದೆ?

ಹೀಗೆ ಕೇಳೋದು ತಪ್ಪಲ್ಲ. 1974ರಲ್ಲೇ ನೀರಿನ ಕಾಯ್ದೆ ಬಂದಿದೆ. ಕೊಳೆನೀರು ಬಿಡುವ ಕಾರ್ಖಾನೆಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಕೆಲವು ದೊಡ್ಡ ಕಾರ್ಖಾನೆಗಳಿಗೆ ಒಪ್ಪಿಗೆ ಕೊಡುವ ಮೊದಲು ಊರಿನ ಜನರ ಸಭೆಯನ್ನೂ ಕರೆಯುತ್ತಾರೆ. ಸಭೆಯ ನೋಟೀಸು ಬಂದರೆ ಈಗ ನಾವೇ ಓದಬಹುದು. ಓದೋಣ, ಹೋಗೋಣ, ಮಾತಾಡೋಣ.

ಬಿಂದಿಗೆ ಹೊತ್ತು ನೀರು ತರುವವರು ನಾವು. ನೀರಿನ ಲೆಕ್ಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?