ಪ್ರೋಗ್ರಾಮಿಗೂ ಬೇಕು ಶಾಸನ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳ ಎಲ್ಲರೂ ಬಲ್ಲ ಬೆಳೆ. ಅಲ್ಲಿಯ ವಿದ್ಯಾರ್ಥಿಯೊಬ್ಬ ಕಾಲೇಜಿನ ಪ್ರಾಜೆಕ್ಟಿಗೆ ಜೋಳದ ಖರೀದಿ ಲೆಕ್ಕದ ಪ್ರೋಗ್ರಾಂ ಬರೆದನೆನ್ನಿ. ಅದರ ನಡುವೆ 14 ಎಂಬ ಅಂಕಿ ಇದೆ. ಬೆಂಬಲ ಬೆಲೆಯ ಖರೀದಿಗೆ ಕಾಳಿನ ತೇವಾಂಶ ಶೇಕಡ 14 ಮೀರುವಂತಿಲ್ಲ. ಆ ಅಂಕಿ ಅದಕ್ಕೆ. ಬರೆದವನಿಗೆ ಇದು ಗೊತ್ತು. ಮುಂದಿನ ವರ್ಷ ಅದೇ ಪ್ರಾಜೆಕ್ಟನ್ನು ಕೈಗೆತ್ತಿಕೊಳ್ಳುವ ಕಿರಿಯ ವಿದ್ಯಾರ್ಥಿನಿಗೆ ತಿಳಿಯುವುದು ಹೇಗೆ?

ವಿವರಣೆಯನ್ನು ಬೇರೆ ಪುಸ್ತಿಕೆಯಲ್ಲಿ ಬರೆದಿಟ್ಟರೆ, ಪ್ರೋಗ್ರಾಂ ಬದಲಾದರೂ ಪುಸ್ತಿಕೆ ಬದಲಾಗದೆ ಉಳಿಯುತ್ತದೆ. ಹಳೆಯ ಗುಡಿಯ ದಾನಶಾಸನ ಗುಡಿಯ ಅಂಗಳದಲ್ಲೇ ನಿಂತಿರುವಂತೆ, ಟಿಪ್ಪಣಿಯೂ ಪ್ರೋಗ್ರಾಮಿನೊಳಗೇ ಇದ್ದರೆ ಕ್ಷೇಮ. ಆ ಟಿಪ್ಪಣಿಗಳನ್ನು ಹೆಕ್ಕಿ, ಓದಲು ಅನುಕೂಲವಾದ ಪುಟಗಳಾಗಿ ಜೋಡಿಸಿಕೊಡುವ ತಂತ್ರಾಂಶಗಳು ಹಲವು ಇವೆ.

ಯಾವುದನ್ನು ಆರಿಸಬೇಕು? ಮೊದಲು ನೋಡಬೇಕಾದ್ದು ಪ್ರೋಗ್ರಾಂ ಬರೆದ ಭಾಷೆ. ಜಾವಾ ಆದರೆ ಜಾವಾಡಾಕ್ ಸಾಕು. ಸನ್ ಸಂಸ್ಥೆ 1996ರಲ್ಲಿ ಹೊರತಂದ ಮೊದಲ ಜಾವಾ ಕಿಟ್‌ನಿಂದಲೂ ಅದು ಜೊತೆಯಲ್ಲೇ ಬರುತ್ತಿದೆ. ಸಿ, ಸಿ ಪ್ಲಸ್ ಪ್ಲಸ್ ಆದರೆ ನೆದರ್ಲೆಂಡ್ಸ್‌ನ ದಿಮಿತ್ರಿ ವಾನ್ ಹೀಶ್ 1997ರಲ್ಲಿ ಆರಂಭಿಸಿದ ಡಾಕ್ಸಿಜನ್ ಸೂಕ್ತ. ಗ್ರಾಫ್‌ವಿಜ್ ಎಂಬ ತಂತ್ರಾಂಶ ಜೊತೆಗಿದ್ದರೆ, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂಬ ನಕ್ಷೆಯನ್ನೂ ಅದು ಬರೆದುಕೊಡುತ್ತದೆ. ಪೈಥಾನ್‌ಗೆ ಜಾರ್ಜ್ ಬ್ರಾಂಡ್ಲ್ 2008ರಲ್ಲಿ ಹೊರತಂದ ಸ್ಫಿಂಕ್ಸ್ ಇದೆ. ಅದರ ಆಟೋಡಾಕ್ ಸೌಲಭ್ಯ ಬಳಸುವಾಗ ಮಾತ್ರ ಎಚ್ಚರಿಕೆ ಬೇಕು: ಟಿಪ್ಪಣಿ ಓದಲು ಅದು ಕಡತವನ್ನು ಇಂಪೋರ್ಟ್ ಮಾಡುವುದರಿಂದ, ಫಂಕ್ಷನ್‌ಗಳ ಹೊರಗೆ ಬರೆದ ಸಾಲುಗಳೆಲ್ಲ ಆಗಲೇ ಓಡಿಬಿಡುತ್ತವೆ. ಚಿಕ್ಕ ಪ್ರಾಜೆಕ್ಟಿಗಾದರೆ ಪೈಥಾನ್ ಜೊತೆಗೇ ಬರುವ ಪೈಡಾಕ್ ಸಾಕು.

ಪಾಲಕರು ಇವುಗಳಿಗಾಗಿ ಹಣ ತೆರಬೇಕಿಲ್ಲ, ಎಲ್ಲವೂ ಉಚಿತ. ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಬಹುದು.

ಆಯ್ಕೆ ಸರಿಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಸಿದ್ಧವಾದ ಪುಟಗಳನ್ನು ಆ ಪ್ರೋಗ್ರಾಂ ನೋಡಿಯೇ ಇರದ ಸಹಪಾಠಿಗೆ ಕೊಡಬೇಕು. ಅವರು ಯಾರನ್ನೂ ಕೇಳದೆ ಅದನ್ನು ನಡೆಸಬಲ್ಲರಾದರೆ ಕೆಲಸ ಗೆದ್ದಂತೆ.

“ಎಲ್ಲಾ ಕಂಪ್ಯೂಟರೇ ಬರದ್ರ ನೀ ಏನ್ ಬರೀತಿಯೋ?” ಎಂದು ಮನೆಯಲ್ಲಿ ಅವ್ವ ಕೇಳಬಹುದು. ಉತ್ತರ ಸರಳ. ಫಂಕ್ಷನ್ನಿನ ಹೆಸರು, ಅದಕ್ಕೆ ಕೊಡಬೇಕಾದ ಅಂಕಿಗಳು, ಇವನ್ನೆಲ್ಲ ತಂತ್ರಾಂಶ ತಾನೇ ಪಟ್ಟಿ ಮಾಡುತ್ತದೆ. ಹದಿನಾಲ್ಕೇ ಯಾಕೆ ಎಂಬುದನ್ನು ಮಾತ್ರ ಮಗನೇ ಬರೆಯಬೇಕು.