ಕುಂಚ ನಡುಗಿದರೆ ಚಾಕು ಇದೆ: ನಿವೃತ್ತರಿಗೊಂದು ಬಣ್ಣದ ಹಾದಿ

ಚಿತ್ರ ಬಿಡಿಸುವ ಆಸೆ ಚಿಕ್ಕಂದಿನಿಂದ ಇತ್ತು, ಹೊಟ್ಟೆಪಾಡಿನ ಓಡಾಟದಲ್ಲಿ ಕೈಗೂಡಲಿಲ್ಲ ಎನ್ನುವವರು ಮುಂಬಯಿ ಕನ್ನಡಿಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಿವೃತ್ತಿಯ ಬಳಿಕ ಕುಂಚ ಹಿಡಿದರೆ ಗೆರೆ ನೆಟ್ಟಗೆ ಬರುವುದಿಲ್ಲ. ನಾಲ್ಕು ದಿನಕ್ಕೇ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಇಂಥವರು ಒಮ್ಮೆಯಾದರೂ ಪ್ರಯತ್ನಿಸಬೇಕಾದ ಸಾಧನ ಪ್ಯಾಲೆಟ್ ನೈಫ್.

ಹೆಸರಿಗೆ ಚಾಕು, ಆದರೆ ಹರಿತವಿಲ್ಲ. ಗಾರೆ ಕೆಲಸದವರ ಕರಣೆಯ ಪುಟ್ಟ ರೂಪ ಎನ್ನಬಹುದು. ನೇರವಾದ ಉದ್ದ ಅಲಗಿನದು ಬಣ್ಣ ಕಲಸಲು. ಹಿಡಿಯ ಬಳಿ ಬಾಗಿರುವುದು ಬಣ್ಣ ಹಚ್ಚಲು. ಬೆರಳು ಹಸಿ ಬಣ್ಣಕ್ಕೆ ತಾಗದಿರಲೆಂದೇ ಈ ಬಾಗು. ಆರಂಭಕ್ಕೆ ಎಲೆಯಾಕಾರದ ಮಧ್ಯಮ ಅಳತೆಯ ಒಂದು ಸಾಕು.

ಅಲಗಿನ ಅಡಿಯಿಂದ ಬಣ್ಣ ಹರಡಿದರೆ ಆಕಾಶ, ಅಂಚನ್ನು ಒತ್ತಿದರೆ ದೋಣಿಯ ಕಂಬ, ತುದಿ ತಾಗಿಸಿದರೆ ಹೂವು. ಒಣಗಿದ ಬಣ್ಣದ ಮೇಲೆ ಹಗುರವಾಗಿ ಎಳೆದರೆ ಊರಿನ ಮುರಕಲ್ಲಿನ ಗೋಡೆಯ ಒರಟುತನ ತಾನಾಗಿ ಮೂಡುತ್ತದೆ. ನಿಯಮ ಒಂದೇ: ಇಟ್ಟು ಕೈ ತೆಗೆಯಬೇಕು. ಚೆನ್ನಾಗಿ ಬಂದುದನ್ನು ಇನ್ನೂ ಚೆಂದ ಮಾಡಲು ಹೋದರೆ ಬಣ್ಣಗಳು ಬೆರೆತು ಕೆಸರಾಗುತ್ತವೆ. ಮುಖದ ಕಣ್ಣು, ಮೂಗಿನ ಸೂಕ್ಷ್ಮ ಕೆಲಸಕ್ಕೆ ಮಾತ್ರ ಇದು ಒಗ್ಗುವುದಿಲ್ಲ.

ತೈಲವರ್ಣ ದಿನಗಟ್ಟಲೆ ಹಸಿಯಾಗಿರುತ್ತದೆ. ದಪ್ಪ ಹಚ್ಚಿದರೆ ಒಳಗೆ ಒಣಗಲು ತಿಂಗಳುಗಳೇ ಬೇಕು. ಆಕ್ರಿಲಿಕ್ ತೆಳುವಾಗಿದ್ದರೆ ನಿಮಿಷಗಳಲ್ಲಿ ಒಣಗುತ್ತದೆ. ಆದ್ದರಿಂದ ಕೈ ಚುರುಕಾಗಿರಬೇಕು, ಚಾಕುವನ್ನು ಕೂಡಲೇ ತೊಳೆದು ಒರೆಸಿಡಬೇಕು. ಚಾಕುವಿಗೆ ಬಣ್ಣ ಹೆಚ್ಚು ಬೇಕೆಂಬುದು ನಿಜ. ಆದರೆ ತೈಲವರ್ಣದಲ್ಲೂ ಬಟ್ಟೆಯಿಂದ ಒರೆಸಿದರೆ ಚಾಕು ಶುಚಿ. ಒಂದು ಕೋಣೆಯ ಮನೆಯಲ್ಲಿ ಟರ್ಪೆಂಟೈನ್ ವಾಸನೆಯ ಕಾಟವಿಲ್ಲ. ಎಣ್ಣೆಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು.

19ನೇ ಶತಮಾನದಲ್ಲಿ ಫ್ರಾನ್ಸಿನ ಗುಸ್ತಾವ್ ಕೂರ್ಬೆ ಬಂಡೆ, ಕಡಲಲೆಗಳನ್ನು ಚಾಕುವಿನಿಂದಲೇ ಮೂಡಿಸಿದರು. ನಮ್ಮ ಮುಂಬಯಿಯಲ್ಲೂ ಇದಕ್ಕೆ ದೊಡ್ಡ ಉದಾಹರಣೆ ಇದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತು, ಕಲಿಸಿದ ಜೆ.ಜೆ. ಕಲಾಶಾಲೆಯಲ್ಲೇ ಓದಿ 1948ರಲ್ಲಿ ಡಿಪ್ಲೊಮಾ ಪಡೆದ ವಿ.ಎಸ್. ಗಾಯ್ತೊಂಡೆ ಅವರು ಚಾಕು ಮತ್ತು ರೋಲರ್ ಬಳಸಿ ಬಣ್ಣ ಹಚ್ಚುತ್ತಿದ್ದರು, ಕೆರೆದು ತೆಗೆಯುತ್ತಿದ್ದರು. ವರ್ಷಕ್ಕೆ ಕೆಲವೇ ಚಿತ್ರ. 2001ರಲ್ಲಿ ಅವರು ತೀರಿಕೊಂಡರು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು.

ತಡವಾಗಿ ಕಲಿಯುವವರನ್ನು ಕಾಡುವುದು ಕೈಯ ನಡುಕಕ್ಕಿಂತ ತಪ್ಪಾದೀತೆಂಬ ಭಯ. ಅದಕ್ಕೆ ಚಾಕುವಿನಲ್ಲೇ ಮದ್ದಿದೆ. ಹಿಡಿಸದ ಭಾಗವನ್ನು ಹಸಿ ಇರುವಾಗಲೇ ಕೆರೆದು ತೆಗೆಯಬಹುದು. ಕೆರೆದ ಜಾಗದಲ್ಲಿ ಉಳಿಯುವ ತೆಳು ಛಾಯೆ ಮುಂದಿನ ಪದರಕ್ಕೆ ಆಳ ಕೊಡುತ್ತದೆ. ಬಣ್ಣ ಪೂರ್ತಿ ವ್ಯರ್ಥವಾಗುವುದಿಲ್ಲ. ಹೀಗಾಗಿ ಮೊದಲ ದಿನ ಒಂದು ಸಣ್ಣ ಹಲಗೆ, ಬಿಳಿಯ ಜೊತೆ ಎರಡು ಬಣ್ಣ ಇಟ್ಟುಕೊಂಡು ಹುಟ್ಟೂರಿನ ಮನೆಯ ಗೋಡೆಯಿಂದಲೇ ಆರಂಭಿಸಬಹುದು. ಸರಿಬಾರದಿದ್ದರೆ ಕೆರೆದು, ಮತ್ತೆ ಹಚ್ಚಿದರಾಯಿತು.