ಹಗಲಿನ ಸೌರಶಕ್ತಿ, ಸಂಜೆಯ ವ್ಯಾಪಾರ

ಗಾಂಧಿ ಬಜಾರಿನ ಬಟ್ಟೆ ಅಂಗಡಿ, ಆಭರಣ ಮಳಿಗೆಗಳಲ್ಲಿ ವ್ಯಾಪಾರ ಕಳೆಗಟ್ಟುವುದು ಸಂಜೆ ಆರರ ನಂತರ. ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನ ಉತ್ಪಾದನೆ ನಿಲ್ಲುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ರಾಜ್ಯದ ವಿದ್ಯುತ್ ವ್ಯವಸ್ಥೆ ಇಂದು ಎದುರಿಸುತ್ತಿರುವ ಮುಖ್ಯ ತೊಡಕು ಇದೇ ಆಗಿದೆ.

ವಿದ್ಯುತ್ತು ಅಕ್ಕಿ, ಬೇಳೆಯಂತೆ ಅಗ್ಗವಾಗಿ ಗೋದಾಮಿನಲ್ಲಿ ದಾಸ್ತಾನು ಮಾಡಬಹುದಾದ ಸರಕಲ್ಲ. ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸಮನಾಗಿರಬೇಕು. ಜಾಲದ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲಿಯೇ ನಿಲ್ಲಬೇಕು. ಕೊರತೆಯುಂಟಾಗಿ ಆವರ್ತನ ತೀರ ಕುಸಿದರೆ, ಜಾಲವನ್ನು ಉಳಿಸುವ ಸಲುವಾಗಿ ಕೆಲವು ಫೀಡರುಗಳನ್ನು ಕಡಿತಗೊಳಿಸಲಾಗುತ್ತದೆ. ಸಂಜೆಯ ಕೊರತೆಯನ್ನು ತುಂಬುವುದು ಶರಾವತಿಯ ಜಲವಿದ್ಯುತ್ತು ಹಾಗೂ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಘಟಕಗಳು. ಜಲವಿದ್ಯುತ್ ಯಂತ್ರ ನಿಮಿಷಗಳಲ್ಲಿ ಚಾಲನೆಗೊಳ್ಳುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕಕ್ಕೆ ಗಂಟೆಗಟ್ಟಲೆ ಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗಳ ಬೇಡಿಕೆಯೂ ಏರಿತು. ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರವು ವಿದ್ಯುಚ್ಛಕ್ತಿ ಕಾಯ್ದೆ, 2003ರ 11ನೇ ಕಲಮನ್ನು ಬಳಸಿ, ಖಾಸಗಿ ಉತ್ಪಾದಕರ ವಿದ್ಯುತ್ತು ರಾಜ್ಯದ ಜಾಲಕ್ಕೇ ಸಲ್ಲುವಂತೆ ಆದೇಶಿಸಬೇಕಾಯಿತು.

ಈ ವ್ಯತ್ಯಾಸ ಈಗ ದರದಲ್ಲಿಯೂ ಕಾಣತೊಡಗಿದೆ. ಕೇಂದ್ರ ಸರ್ಕಾರದ 2023ರ ತಿದ್ದುಪಡಿ ನಿಯಮಗಳು, 10 ಕಿಲೋವಾಟ್‌ಗಿಂತ ಹೆಚ್ಚು ಗರಿಷ್ಠ ಬೇಡಿಕೆಯುಳ್ಳ ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ ವೇಳೆಯಾಧಾರಿತ ದರವನ್ನು ಸೂಚಿಸಿವೆ. ಅದರಂತೆ ಸೌರ ಅವಧಿಯಲ್ಲಿ ದರ ಕನಿಷ್ಠ ಶೇ. 20ರಷ್ಟು ಕಡಿಮೆ, ಗರಿಷ್ಠ ಬೇಡಿಕೆಯ ಅವಧಿಯಲ್ಲಿ ಸಾಮಾನ್ಯ ದರದ ಕನಿಷ್ಠ 1.20 ಪಟ್ಟು ಇರತಕ್ಕದ್ದು. ರಾಜ್ಯದಲ್ಲಿ ದರ ಮತ್ತು ವೇಳೆಯನ್ನು ನಿಗದಿಪಡಿಸುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಿಟ್ಟಿನ ಗಿರಣಿಯವರು ಬೀಸುವ ಕೆಲಸವನ್ನು ಮಧ್ಯಾಹ್ನಕ್ಕೆ ಬದಲಿಸಿಕೊಳ್ಳಬಹುದು. ಆಭರಣ ಮಳಿಗೆಯವರು ಗಿರಾಕಿಗಳಿಗೆ ಮಟಮಟ ಮಧ್ಯಾಹ್ನ ಬನ್ನಿರೆಂದು ಹೇಳಲಾದೀತೆ? ಶುದ್ಧ ಇಂಧನದ ಲಾಭ ಎಲ್ಲ ವರ್ತಕರಿಗೂ ಸಮನಾಗಿ ದೊರೆಯದು.

ಮಹಡಿಯ ಮೇಲೆ ಸೌರ ಫಲಕ ಹಾಕಿಸುವವರಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯು ಬೆಸ್ಕಾಂ ಪೂರೈಕೆ ನಿಂತೊಡನೆ, ಬಿಸಿಲಿದ್ದರೂ, ತಾನಾಗಿಯೇ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಇನ್ವರ್ಟರನ್ನು ಹಾಗೆ ರೂಪಿಸಲಾಗಿದೆ. ಆದುದರಿಂದ ಅದು ಬಿಲ್ಲನ್ನು ಇಳಿಸೀತು, ಜನರೇಟರಿಗೆ ಬದಲಿಯಾಗದು. ಆ ಭರವಸೆಯಿಂದ ಜನರೇಟರನ್ನು ಮಾರಿದವರಿಗೆ ಹಬ್ಬದ ಸಂಜೆಯ ವ್ಯಾಪಾರವೇ ನಷ್ಟವಾದೀತು. ಬ್ಯಾಟರಿ ಸೇರಿಸಿದರೆ ಬಂಡವಾಳ ಏರುತ್ತದೆ. ಸೌರ ಉಪಕರಣಗಳ ಮೇಲಿನ ಆದಾಯ ತೆರಿಗೆ ಸವಕಳಿಯನ್ನೂ 2017ರ ಏಪ್ರಿಲ್‌ನಿಂದ ಶೇ. 80ರಿಂದ ಶೇ. 40ಕ್ಕೆ ಇಳಿಸಲಾಗಿರುವುದರಿಂದ, ಹಳೆಯ ಲೆಕ್ಕಪಟ್ಟಿ ತೋರಿಸಿ ಬಂಡವಾಳ ಬೇಗ ಮರಳುವುದೆಂದು ಹೇಳುವ ಮಾರಾಟಗಾರರ ಮಾತನ್ನು ಪರಿಶೀಲಿಸಿಯೇ ನಂಬತಕ್ಕದ್ದು. ದರಪಟ್ಟಿಗೆ ಒಪ್ಪಿಗೆ ಕೊಡುವ ಮೊದಲು ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಬಳಕೆಯಲ್ಲಿ ಹಗಲಿನದೆಷ್ಟು, ಸಂಜೆಯದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯ.